ಇಸವಿ 4116ರ ಪೆಟ್ಟಿಗೆ

ಒಮಾನಿನ ಹಮ್ರಿಯಾದ ಆ ಹಳೆ ಕಟ್ಟಡದ ಲಿಫ್ಟಿನ ಬಾಗಿಲು ಇನ್ನು ಎರಡೇ ಎರಡು ಬೆರಳು ಅಗಲವಾಗಿದ್ದಿದ್ದರೆ, ಆ ಗುರುವಾರ ಕ್ಯಾಸ್ಮಿರ್ ಡಿಮೆಲ್ಲೊಗೆ ರಕ್ತದೊತ್ತಡದ ಎರಡನೇ ಮಾತ್ರೆ ಬೇಕಾಗುತ್ತಿರಲಿಲ್ಲ.

ಬೆಳಿಗ್ಗೆ ಒಂಬತ್ತು ಗಂಟೆ. ಮೂರನೇ ಮಹಡಿಯ ಆಫೀಸಿನಿಂದ ಹೊರತಂದ ಓಕ್ ಮರದ ಪೆಟ್ಟಿಗೆ ಲಿಫ್ಟಿನ ಬಾಯಲ್ಲಿ ಸಿಕ್ಕಿಕೊಂಡಿತ್ತು; ಒಳಗೂ ಇಲ್ಲ, ಹೊರಗೂ ಇಲ್ಲ. ಲಿಫ್ಟಿನ ಬಾಗಿಲು ಮುಚ್ಚಲು ಬರುವುದು, ಪೆಟ್ಟಿಗೆಗೆ ತಾಗುವುದು, ತಪ್ಪಾಯಿತು ಎಂಬಂತೆ ಹಿಂದೆ ಸರಿಯುವುದು, ಮತ್ತೆ ಬರುವುದು. ಹತ್ತು ನಿಮಿಷದಿಂದ ಇದೇ ನಡೆದಿತ್ತು.

“ಓರೆ ಮಾಡಿ ಮಾರಾಯ್ರೆ, ಓರೆ ಮಾಡಿ!” ಎಂದು ಹಿಂದಿನಿಂದ ಕೂಗುತ್ತಿದ್ದವನು ಎದುರು ಫ್ಲಾಟಿನ ಕೊಗ್ಗ. ಬ್ರಹ್ಮಾವರ ಕಡೆಯವನು. ಟೈಪಿಂಗ್ ಸೆಂಟರೊಂದರಲ್ಲಿ ಜನರ ಅರ್ಜಿಗಳನ್ನು ಅರಬ್ಬಿಯಲ್ಲಿ ತುಂಬಿಸಿಕೊಡುವ ಕೆಲಸ. ಕ್ಯಾಸ್ಮಿರ್‌ಗೆ ಸಹಾಯ ಮಾಡಲೆಂದೇ ಅವನು ಅಂದು ಸಿಕ್ ಲೀವ್ ಹಾಕಿದ್ದ. ಸಹಾಯ ಬೇಕೆಂದು ಅವನನ್ನು ಕೇಳಿದವರು ಯಾರೂ ಇರಲಿಲ್ಲ.

“ಇದು ಮೊದಲು ಮೇಲೆ ಹತ್ತಿದ್ದು ಹೇಗೆ?” ಎಂದು ಪಿಕಪ್ಪಿನ ಶರ್ಫುದ್ದೀನ್ ಬೆವರು ಒರೆಸಿಕೊಳ್ಳುತ್ತಾ ಕೇಳಿದ.

“ಆಗ ಲಿಫ್ಟು ಬೇರೆ ಇತ್ತು,” ಎಂದ ಕ್ಯಾಸ್ಮಿರ್. “ಆಗ ಎಲ್ಲ ಬೇರೆ ಇತ್ತು.”

ಇಪ್ಪತ್ತಾರು ವರ್ಷ ಹಮೂದ್ ಸಾಹೇಬರ ಪಂಪು-ಪೈಪಿನ ಆಫೀಸಿನಲ್ಲಿ ದುಡಿದ ಕ್ಯಾಸ್ಮಿರ್ ಈ ಮೊದಲು ಐದು ಸಲ ಊರಿಗೆ ಶಾಶ್ವತವಾಗಿ ಹೊರಟು, ಐದು ಸಲವೂ ಉಳಿದುಬಿಟ್ಟವನು. ಹಮೂದ್ ಸಾಹೇಬರು ಗದರುವವರಲ್ಲ. ಗದರಿದ್ದರೆ ಕ್ಯಾಸ್ಮಿರ್ ಎಂದೋ ಹೋಗಿಬಿಡುತ್ತಿದ್ದ. ಅವರು ಎದುರು ಕೂರಿಸಿ, ಖರ್ಜೂರ ಮುಂದಿಟ್ಟು, ತಮ್ಮ ಕೈಯಾರೆ ಕಾಫಿ ಬಗ್ಗಿಸಿಕೊಟ್ಟು, ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳುವವರು. ಅಂಥವರಿಗೆ ಇಲ್ಲ ಎನ್ನುವ ಎಲುಬನ್ನು ದೇವರು ಕ್ಯಾಸ್ಮಿರ್‌ಗೆ ಕೊಟ್ಟಿರಲಿಲ್ಲ.

ಈ ಸಲ ಮಾತ್ರ ಬಚಾವಾದೆ ಎಂದು ಅವನು ನಂಬಿದ್ದ. ಸಾಹೇಬರೇ ಆಫೀಸು ಮುಚ್ಚುತ್ತಿದ್ದರು. ಬುಧವಾರದ ವಿಮಾನಕ್ಕೆ ಟಿಕೆಟ್ ಆಗಿತ್ತು. ಮಂಗಳೂರಿನಲ್ಲಿ ಮಗಳು ಲಿಯೋನಾಳಿಗೆ ದಿನ ತುಂಬುತ್ತಾ ಬಂದಿತ್ತು. ಎರಡನೇ ಮಹಡಿಯ ಮನೆಯಲ್ಲಿ ಹೆಂಡತಿ ಕ್ಲೆಮೆಂಟಿನಾ ಫ್ರಿಜ್ಜು, ಸೋಫಾ, ಕೊನೆಗೆ ಇಡ್ಲಿ ಪಾತ್ರೆಯನ್ನೂ ಯಾರ್ಯಾರಿಗೋ ಕೊಟ್ಟು, ಒಂದೇ ಒಂದು ಬೋಗುಣಿಯಲ್ಲಿ ಚಾ, ಗಂಜಿ, ಸಾರು ಎಲ್ಲ ಮಾಡುತ್ತಿದ್ದಳು. ಉಳಿದದ್ದು ಎರಡೇ: ಈ ಪೆಟ್ಟಿಗೆಯನ್ನು ಅಲ್ ಅಜೈಬಾದಲ್ಲಿರುವ ಸಾಹೇಬರ ಮನೆಗೆ ಸಂಜೆ ಐದರೊಳಗೆ ಮುಟ್ಟಿಸುವುದು; ವೀಸಾ ರದ್ದು ಮಾಡುವ ಕಾಗದಕ್ಕೆ ಅಲ್ಲೇ ಅವರ ಸಹಿ ಹಾಕಿಸಿಕೊಳ್ಳುವುದು.

“ಐದಕ್ಕೆ ಒಬ್ಬರು ಇಂಗ್ಲಿಷ್ ಹೆಂಗಸು ಬರ್ತಾರೆ ಕ್ಯಾಸ್ಮಿರ್. ಹಳೆ ಮರಗೆಲಸದಲ್ಲಿ ಪಂಡಿತೆ. ಪೆಟ್ಟಿಗೆ ನೋಡಲಿಕ್ಕೇ ಬರ್ತಿದ್ದಾರೆ,” ಎಂದಿದ್ದರು ಸಾಹೇಬರು.

ಪೆಟ್ಟಿಗೆ ಸಾಮಾನ್ಯದ್ದಲ್ಲ. ಒಮಾನಿನಲ್ಲಿ ದೊಡ್ಡವರ ಮನೆಗಳಲ್ಲಿ ಹಿತ್ತಾಳೆ ಮೊಳೆ ಹೊಡೆದ ಮಂದೂಸ್ ಪೆಟ್ಟಿಗೆ ಇದ್ದರೆ, ಹಮೂದ್ ಸಾಹೇಬರ ಆಫೀಸಿನಲ್ಲಿ ಅವರು ಇಂಗ್ಲೆಂಡಿನಲ್ಲಿ ಓದುವಾಗ ಕೊಂಡುತಂದ ಈ ಕಪ್ಪು ಓಕ್ ಪೆಟ್ಟಿಗೆ. ಮುಂಭಾಗದಲ್ಲಿ ಕೆತ್ತನೆಯ ಮೂರು ಹಲಗೆಗಳು. ಎಡಗಡೆಯದರಲ್ಲಿ ಹೂಬಳ್ಳಿಯ ನಡುವೆ 16. ಬಲಗಡೆಯದರಲ್ಲಿ ದ್ರಾಕ್ಷಿಗೊಂಚಲಿನ ನಡುವೆ 41. ಮಧ್ಯದ ಹಲಗೆಯಲ್ಲಿ ಕಣ್ಣು ಹಿಗ್ಗಿಸಿ ಹೊಟ್ಟೆ ಹಿಡಿದು ನಿಂತ ಒಬ್ಬ ಗಡ್ಡದ ಮನುಷ್ಯ. “ಸಾವಿರದ ಆರುನೂರ ನಲವತ್ತೊಂದು!” ಎಂದು ಸಾಹೇಬರು ಬಂದ ಅತಿಥಿಗಳಿಗೆಲ್ಲ ಆ ಅಂಕಿಗಳ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದರು.

“ಲಿಫ್ಟ್ ಖಲಾಸ್,” ಎಂದ ಕೊಗ್ಗ. “ಮೆಟ್ಟಿಲಲ್ಲಿ ಇಳಿಸುವ. ನಾನು ಡೈರೆಕ್ಷನ್ ಕೊಡ್ತೇನೆ.”

ಕೆಳಗಡೆ ಶರ್ಫುದ್ದೀನ್ ಹಿಡಿದ, ಮೇಲುಗಡೆ ಕ್ಯಾಸ್ಮಿರ್. ಕೊಗ್ಗ ಇಬ್ಬರಿಗೂ ಸಿಗದಷ್ಟು ದೂರ ನಿಂತು ಕೈ ಬೀಸಿದ. ಹನ್ನೊಂದು ಮೆಟ್ಟಿಲು ಇಳಿಯಿತು. ತಿರುವು ಬಂತು.

“ಈಗ ಎಡಕ್ಕೆ!”

“ನನ್ನ ಎಡವಾ, ಶರ್ಫುದ್ದೀನನ ಎಡವಾ?”

“ಪೆಟ್ಟಿಗೆಯ ಎಡ ಮಾರಾಯ್ರೆ!”

ಪೆಟ್ಟಿಗೆಯ ಎಡ ಯಾವುದೆಂದು ಯೋಚಿಸಲು ಕ್ಯಾಸ್ಮಿರ್ ಅರೆಗಳಿಗೆ ನಿಂತ. ಶರ್ಫುದ್ದೀನ್ ನಿಲ್ಲಲಿಲ್ಲ. ಬೆವರಿದ ಬೆರಳುಗಳಿಂದ ಪೆಟ್ಟಿಗೆ ಬೂತಾಯಿ ಮೀನಿನ ಹಾಗೆ ಜಾರಿತು. ಶರ್ಫುದ್ದೀನ್ ಗೋಡೆಗೆ ಹಾರಿ ಪ್ರಾಣ ಉಳಿಸಿಕೊಂಡ. ಪೆಟ್ಟಿಗೆ ಧಡಲ್ ಧಡಲ್ ಎಂದು ಎರಡನೇ ಮಹಡಿಯವರೆಗೆ ತಾನೇ ಇಳಿದು, ಕ್ಯಾಸ್ಮಿರ್‌ನ ಮನೆ ಬಾಗಿಲಿಗೆ ಒಮ್ಮೆ ಬಡಿದು, ಗಂಟೆ ಹೊಡೆದ ಮೇಲೆ ಶಾಲೆ ಮಕ್ಕಳು ಚದುರುವ ಹಾಗೆ ಚದುರಿಹೋಯಿತು.

ಬಾಗಿಲು ತೆರೆದ ಕ್ಲೆಮೆಂಟಿನಾ ಎದುರಿಗೆ ಬಿದ್ದಿದ್ದ ಹಲಗೆಗಳನ್ನು ನೋಡಿದಳು, ಮೆಟ್ಟಿಲ ಮೇಲೆ ಕುಸಿದು ಕೂತಿದ್ದ ಗಂಡನನ್ನು ನೋಡಿದಳು, ಶಿಲುಬೆಯ ಗುರುತು ಹಾಕಿಕೊಂಡಳು.

“ಇನ್ನು ನಾನು ಊರಿಗೆ ಹೋಗುವುದು ಪೆಟ್ಟಿಗೆಯಲ್ಲೇ,” ಎಂದ ಕ್ಯಾಸ್ಮಿರ್.

“ಆ ಪೆಟ್ಟಿಗೆಯೂ ಈಗ ಇಲ್ಲವಲ್ಲ,” ಎಂದಳು ಅವಳು.

ವಿಚಿತ್ರವೆಂದರೆ ಯಾವ ಹಲಗೆಯೂ ಸೀಳಿರಲಿಲ್ಲ. ಗೀರು ಕೂಡ ಬಿದ್ದಿರಲಿಲ್ಲ. ಕೀಲುಗಳೆಲ್ಲ ನೀಟಾಗಿ ಬಿಟ್ಟುಕೊಂಡು, ಹದಿನಾಲ್ಕು ತುಂಡುಗಳು ಬೇರೆ ಬೇರೆಯಾಗಿ ಬಿದ್ದಿದ್ದವು. ಕೊಗ್ಗ ಅವನ್ನು ಎರಡು ಸಲ ಎಣಿಸಿ, ಗಡ್ಡದ ಮನುಷ್ಯನ ಹಲಗೆ ಎತ್ತಿ, “ಇದು ನಮ್ಮ ಪಂಜುರ್ಲಿ ದೈವದ ಮುಖದ ಹಾಗೆಯೇ ಉಂಟು. ಕಣ್ಣು ನೋಡಿ. ಬಿದ್ದದ್ದಕ್ಕೆ ಸಿಟ್ಟು ಬಂದಿರ್ಬೇಕು. ಒಂದು ತೆಂಗಿನಕಾಯಿ ಒಡೆದುಬಿಡಿ,” ಎಂದ.

“ಅದು ಸಂತ ಪೇದ್ರು,” ಎಂದು ಕ್ಲೆಮೆಂಟಿನಾ ಹಲಗೆಯನ್ನು ಕಸಿದುಕೊಂಡು ಸೆರಗಿನಿಂದ ಒರೆಸಿದಳು.

ಅಷ್ಟರಲ್ಲಿ ಕ್ಯಾಸ್ಮಿರ್‌ನ ಫೋನು ಹೊಡೆದುಕೊಂಡಿತು. ಹಮೂದ್ ಸಾಹೇಬರು. ಫೋನು ಕೈಯಲ್ಲಿ ಕೆಂಡದ ಹಾಗೆ ಸುಟ್ಟಿತು. ಕೊಗ್ಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪಿಸುಗುಟ್ಟಿದ: “ಏನೂ ಒಪ್ಪಿಕೊಳ್ಬೇಡಿ. ಎಲ್ಲದಕ್ಕೂ ಹೌದು ಹೇಳಿ.”

“ಕ್ಯಾಸ್ಮಿರ್, ಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಸಿತಾ?”

“ಹಿಡಿಸಿತು ಅರ್ಬಾಬ್.”

“ನನಗೆ ಈಗ ನೆನಪಾಯ್ತು, ಲಿಫ್ಟು ಚಿಕ್ಕದು. ಹಿಡಿಸದಿದ್ದರೆ ನೀನು...”

“ಹಿಡಿಸಿತು ಅರ್ಬಾಬ್! ತುಂಬಾ ಚೆನ್ನಾಗಿ ಹಿಡಿಸಿತು!”

“ಒಳ್ಳೇದು. ಆದರೂ ಒಂದು ವಿಷಯ ಹೇಳ್ತೇನೆ ಕೇಳು...”

“ಅರ್ಬಾಬ್, ಸಿಗ್ನಲ್ ಇಲ್ಲ,” ಎಂದು ಕ್ಯಾಸ್ಮಿರ್ ಫೋನು ಆಫ್ ಮಾಡಿಬಿಟ್ಟ. ಇಪ್ಪತ್ತಾರು ವರ್ಷದಲ್ಲಿ ಅವನು ಸಾಹೇಬರ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದು ಅದೇ ಮೊದಲು.

ಕ್ಲೆಮೆಂಟಿನಾ ಅತ್ತು ಕರೆದು ಫೋನು ಮಾಡಿ ಕರೆಸಿದ ಬಡಗಿ ಇಸುಬು ಬ್ಯಾರಿ ಬರುವಾಗ ಹತ್ತೂವರೆ. ಹಮ್ರಿಯಾದ ಹಿಂಬದಿ ಗಲ್ಲಿಯಲ್ಲಿ ಅವನ ಅಂಗಡಿ. ಅದಕ್ಕೂ ಮೊದಲು ಹದಿನೈದು ವರ್ಷ ಸೂರ್‌ನಲ್ಲಿ ಮರದ ಹಡಗು ಕಟ್ಟುವಲ್ಲಿ ಕೆಲಸ ಮಾಡಿದವನು. ಜಗಲಿಯ ಹಾಗೆ ಅಗಲವಾದ ಎದೆ, ಕಿವಿಯ ಹಿಂದೆ ಪೆನ್ಸಿಲ್. ಮನೆಯೊಳಗೆ ಖಾಲಿ ನೆಲದ ಮೇಲೆ ಸಾಲಾಗಿ ಮಲಗಿಸಿದ್ದ ಹಲಗೆಗಳ ಸುತ್ತ ಅವನು ಹೆಣ ನೋಡಲು ಬಂದವನ ಹಾಗೆ ಒಂದು ಸುತ್ತು ಬಂದ. ಒಂದನ್ನು ತಿರುವಿ ನೋಡಿದ. ಇನ್ನೊಂದನ್ನು ಮೂಸಿ ನೋಡಿದ. ಆಮೇಲೆ ನಕ್ಕ.

“ಪೊರ್ಬುಗಳೇ, ಇದು ಒಂದು ಪೆಟ್ಟಿಗೆ ಅಲ್ಲ,” ಎಂದ, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಕರೆದು.

“ಅದು ನನಗೂ ಕಾಣ್ತದೆ ಬ್ಯಾರಿಗಳೇ. ಹದಿನಾಲ್ಕು ಉಂಟು.”

“ಹಾಗಲ್ಲ. ಮೊದಲೇ ಅಲ್ಲ. ಇಲ್ಲಿ ನೋಡಿ. ಈ ಹೂಬಳ್ಳಿ ಕೆತ್ತಿದವನ ಕೈ ಬೇರೆ, ದ್ರಾಕ್ಷಿ ಕೆತ್ತಿದವನ ಕೈ ಬೇರೆ. ಒಬ್ಬ ಆಳಕ್ಕೆ ಹೋಗಿದ್ದಾನೆ, ಇನ್ನೊಬ್ಬ ಮೇಲೆ ಮೇಲೆ ಕೆರೆದಿದ್ದಾನೆ. ಈ ಹೊಟ್ಟೆನೋವಿನ ಮನುಷ್ಯ ಉಂಟಲ್ಲ, ಇವನು ಯಾವುದೋ ಕಪಾಟಿನ ಬಾಗಿಲಿನಿಂದ ಬಂದವ. ಹಿಂಬದಿಯಲ್ಲಿ ಬಿಜಾಗರಿ ಕೂರಿಸಿದ ಗುಂಡಿ ನೋಡಿ. ಪೆಟ್ಟಿಗೆಯ ಮಧ್ಯದಲ್ಲಿ ಬಿಜಾಗರಿ ಯಾಕೆ? ಯಾರೋ ಜಾಣ ಹಳೇ ಸಾಮಾನಿನ ಮೂರು ಕೆತ್ತನೆ ಹಲಗೆ ಸೇರಿಸಿ, ಸುತ್ತ ಹೊಸ ಮರ ಹಾಕಿ, ಕಪ್ಪು ಬಳಿದು ಪೆಟ್ಟಿಗೆ ಮಾಡಿದ್ದಾನೆ. ಹಲಗೆ ಹಳತು ಹೌದು. ಪೆಟ್ಟಿಗೆ ನನ್ನ ಅಜ್ಜನಷ್ಟೂ ಹಳತಲ್ಲ.”

“ಡೂಪ್ಲಿಕೇಟ್!” ಎಂದು ಕೊಗ್ಗ ಚಪ್ಪಾಳೆ ತಟ್ಟಿದ. “ಬಚಾವ್! ಸಾಹೇಬರಿಗೆ ಹೇಳಿಬಿಡಿ, ನಿಮ್ಮದು ಡೂಪ್ಲಿಕೇಟ್ ಪೆಟ್ಟಿಗೆ, ಬಿದ್ದರೆ ಏನು, ಒಡೆದರೆ ಏನು ಅಂತ.”

ಕ್ಯಾಸ್ಮಿರ್‌ಗೆ ಇದ್ದ ಸ್ವಲ್ಪ ಜೀವವೂ ಹೋಯಿತು. ನಲವತ್ತು ವರ್ಷದಿಂದ ಎಷ್ಟೋ ಅತಿಥಿಗಳಿಗೆ, ಎಷ್ಟೋ ಮಂತ್ರಿಗಳಿಗೆ ಬೆರಳಾಡಿಸಿ ತೋರಿಸಿದ ಇಸವಿ! ಪೆಟ್ಟಿಗೆ ಒಡೆದೆ ಎಂದರೆ ಆ ಮನುಷ್ಯ ಕ್ಷಮಿಸಿಯಾನು. ನಿಮ್ಮ ಪೆಟ್ಟಿಗೆ ಸುಳ್ಳು ಎಂದರೆ? ಅದೂ ಒಡೆದ ಮೇಲೆ? “ಅವರ ಮುಖ ನೋಡಿ ಅದನ್ನು ಹೇಳುವುದಕ್ಕಿಂತ ನಾನು ಮತ್ರಾ ಬಂದರಿಗೆ ಹೋಗಿ ಹಾರುವುದು ಒಳ್ಳೇದು ಕೊಗ್ಗಣ್ಣ.”

“ಹಾರಿದರೆ ಪೊಲೀಸ್ ಕ್ಲಿಯರೆನ್ಸ್ ಕಷ್ಟ. ಬಾಡಿ ಕಳಿಸ್ಲಿಕ್ಕೆ ಏಳು ಫಾರ್ಮ್ ತುಂಬಿಸ್ಬೇಕು,” ಎಂದ ಕೊಗ್ಗ, ಕಸುಬಿನ ಕಾಳಜಿಯಿಂದ.

“ಯಾರೂ ಹಾರುವುದು ಬೇಡ,” ಎಂದ ಇಸುಬು. “ಮರದ ಮೊಳೆಗಳು ಸಡಿಲ ಆಗಿದ್ದವು, ಅದಕ್ಕೆ ಬಿಟ್ಟುಕೊಂಡದ್ದು. ಇನ್ನೆರಡು ವರ್ಷ ಬಿಟ್ಟಿದ್ದರೆ ತನ್ನಷ್ಟಕ್ಕೇ ಬೀಳ್ತಿತ್ತು. ನಾನು ಕೂಡಿಸಿಕೊಡ್ತೇನೆ. ಮೊದಲಿಗಿಂತ ಗಟ್ಟಿ.”

“ಸಂಜೆ ಐದಕ್ಕೆ ಆಗ್ತದಾ?”

ಇಸುಬು ಚೀಲದಿಂದ ಎರಡು ಡಬ್ಬಿ ತೆಗೆದು ಮಗುವನ್ನು ಮಲಗಿಸುವ ಹಾಗೆ ನೆಲದ ಮೇಲಿಟ್ಟ. “ಇದು ಹಡಗಿನ ಅಂಟು. ಸೂರ್‌ನಿಂದ ತರಿಸಿದ್ದು. ಎರಡೂ ಬೆರೆಸಿ ಹಾಕಿದರೆ ಎರಡು ಗಂಟೆ ಹೊತ್ತಿನಲ್ಲಿ ಕಲ್ಲು. ಪೀಠೋಪಕರಣಕ್ಕೆಲ್ಲ ನಾನು ಇದನ್ನು ಹಾಕುವುದಿಲ್ಲ, ದುಬಾರಿ. ಫೋನಿನಲ್ಲಿ ಬಾಯಮ್ಮ ಅತ್ತರಲ್ಲ, ಅದಕ್ಕೆ ತಂದೆ.”

“ಸಂಜೆಯವರೆಗೆ ನಿಂತರೆ ಸಾಕು ಬ್ಯಾರಿಗಳೇ.”

“ಸಂಜೆಯಾ?” ಇಸುಬುವಿಗೆ ಅವಮಾನವಾಯಿತು. “ಖಿಯಾಮತ್‌ವರೆಗೆ, ಲೋಕ ಮುಗಿಯುವವರೆಗೆ ನಿಲ್ತದೆ.”

ಕೆಲಸ ಶುರುವಾಯಿತು. ಮೊದಲು ತಳ, ಆಮೇಲೆ ಬೆನ್ನು, ಆಮೇಲೆ ಎರಡು ಪಕ್ಕ. ಒಂದೊಂದು ಕೀಲಿಗೂ ಇಸುಬು ದೋಸೆಗೆ ಬೆಣ್ಣೆ ಸವರಿದಷ್ಟು ಧಾರಾಳವಾಗಿ ಅಂಟು ಸವರಿದ. ಮನೆ ತುಂಬ ಕೊಳೆತ ಹಲಸಿನ ಹಣ್ಣಿನಂಥ ವಾಸನೆ. ಮಧ್ಯಾಹ್ನದ ಬಾಂಗು ಕೇಳಿದೊಡನೆ ಅವನು ಕೈ ತೊಳೆದು ಎದ್ದ. “ನಮಾಜ್ ಮುಗಿಸಿ ಬರ್ತೇನೆ. ಮುಂದಿನ ಮೂರು ಹಲಗೆ ಬರಿದೇ ಚೌಕಟ್ಟಿನ ಕಚ್ಚಿನಲ್ಲಿ ಕೂರಿಸಿಡಿ. ಬಂದು ಅಂಟು ಹಾಕ್ತೇನೆ.”

ಕ್ಯಾಸ್ಮಿರ್‌ಗೆ ಆಗ ಎದ್ದು ನಿಲ್ಲುವ ಶಕ್ತಿಯೂ ಇರಲಿಲ್ಲ. ಕ್ಲೆಮೆಂಟಿನಾ ಕೊಟ್ಟ ಗಂಜಿಯನ್ನು ಬೋಗುಣಿಯಿಂದಲೇ ಕುಡಿದು, ಎರಡನೇ ಮಾತ್ರೆ ನುಂಗಿ, ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಅವನಿಗೆ ತೊಂದರೆ ಕೊಡಬಾರದೆಂದು ಕೊಗ್ಗ ಒಬ್ಬನೇ, ಸದ್ದಿಲ್ಲದೆ, ಮೂರೂ ಹಲಗೆಗಳನ್ನು ಕಚ್ಚಿನಲ್ಲಿ ಕೂರಿಸಿದ. ಬಂದ ಇಸುಬು ಅಂಟು ಸುರಿದ, ಹಗ್ಗ ಸುತ್ತಿ ಕೋಲು ಹಾಕಿ ಬಿಗಿದ, ಮೇಲೆ ಹಳೆ ಕಂಬಳಿ ಹೊದಿಸಿದ. ಮೂರೂವರೆಗೆ ಹಗ್ಗ ಬಿಚ್ಚಿ ಪೆಟ್ಟಿಗೆಯ ಮೇಲೆ ತಾನೇ ಹತ್ತಿ ನಿಂತು ಎರಡು ಸಲ ಕುಣಿದು ತೋರಿಸಿದ. ಒಂದು ಕಿರ್ ಶಬ್ದವಿಲ್ಲ.

ಕ್ಯಾಸ್ಮಿರ್ ಅವನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ. ಆಮೇಲೆ ಕಟ್ಟಡದ ಆರು ಜನ ಗಂಡಸರು ಸೇರಿ, ಕೊಗ್ಗನನ್ನು ಮನೆಯೊಳಗೆ ಕೂಡಿಹಾಕಿ, ಪೆಟ್ಟಿಗೆಯನ್ನು ಕಂಬಳಿ ಸಮೇತ ಕೆಳಗಿಳಿಸಿ ಪಿಕಪ್ಪಿಗೆ ಏರಿಸಿದರು.

ಅಲ್ ಅಜೈಬಾ ತಲುಪುವಾಗ ಐದಕ್ಕೆ ಐದು ನಿಮಿಷ. ಗೇಟಿನ ಹೊರಗೆ ನಿಂತು ಕ್ಯಾಸ್ಮಿರ್ ಕಂಬಳಿ ಸರಿಸಿದ, ಪೆಟ್ಟಿಗೆಗೆ ಒಮ್ಮೆ ಕೈವಸ್ತ್ರದಿಂದ ಧೂಳು ಹೊಡೆದ, ಮುಂಭಾಗ ನೋಡಿದ. ಮತ್ತೆ ನೋಡಿದ.

ಎಡಗಡೆ ದ್ರಾಕ್ಷಿಗೊಂಚಲು, 41. ನಡುವೆ ಗಡ್ಡದ ಮನುಷ್ಯ. ಬಲಗಡೆ ಹೂಬಳ್ಳಿ, 16.

ಇಸವಿ ನಾಲ್ಕು ಸಾವಿರದ ನೂರ ಹದಿನಾರು. ಪೆಟ್ಟಿಗೆ ಹುಟ್ಟಲು ಇನ್ನೂ ಎರಡು ಸಾವಿರ ವರ್ಷ ಬಾಕಿ ಇತ್ತು.

ಬೆಳಿಗ್ಗೆ ಆಫ್ ಮಾಡಿದ್ದ ಫೋನನ್ನು ಆನ್ ಮಾಡಿ ಅವನು ಕೊಗ್ಗನನ್ನು ಹಿಡಿದ. “ಕೊಗ್ಗಣ್ಣ, ಹಲಗೆ ಹೇಗೆ ಇಟ್ಟದ್ದು ನೀವು?”

“ಬಲದಿಂದ ಎಡಕ್ಕೆ. ಅರಬರ ಮನೆಗೆ ಅಲ್ವಾ ಹೋಗುವುದು? ಅವರು ಓದುವುದು ಬಲದಿಂದ.”

“ಅಯ್ಯೋ ಮಾರಾಯ, ಅಂಕಿಯನ್ನು ಅವರೂ ಎಡದಿಂದಲೇ ಓದುವುದಲ್ವಾ?”

“ಅದು ನನಗೂ ನೀವು ಹೊರಟ ಮೇಲೆ ನೆನಪಾಯ್ತು. ಟೆನ್ಷನ್ ಆದೀತು ಅಂತ ಹೇಳ್ಲಿಲ್ಲ.”

ಕ್ಯಾಸ್ಮಿರ್ ಇಸುಬುವಿಗೆ ಮಾಡಿದ. “ನಾನು ಮರ ಓದುವವ ಪೊರ್ಬುಗಳೇ, ಅಂಕಿ ಅಲ್ಲ,” ಎಂದ ಇಸುಬು. ಅಷ್ಟರಲ್ಲಿ ಗೇಟು ತೆರೆಯಿತು. ಮನೆಯ ಆಳುಗಳು ಬಂದು ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗೇಬಿಟ್ಟರು. ಕ್ಯಾಸ್ಮಿರ್ ಅದರ ಹಿಂದೆ, ಶವಯಾತ್ರೆಯಲ್ಲಿ ಹತ್ತಿರದ ಸಂಬಂಧಿ ನಡೆಯುವ ಹಾಗೆ ನಡೆದ.

ಮಜ್ಲಿಸ್ ಎಂದು ಕರೆಯುವ ದೊಡ್ಡ ಹಜಾರದಲ್ಲಿ ಹಮೂದ್ ಸಾಹೇಬರು ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟು ಕೂತಿದ್ದರು. ಅವರ ಮೂವರು ಹೆಣ್ಣುಮಕ್ಕಳು ಮೂರು ಮೂಲೆಗಳಲ್ಲಿ ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ನಡುವೆ ಬಿಳಿಕೂದಲಿನ, ಕೊರಳಿಗೆ ಭೂತಗನ್ನಡಿ ತೂಗಿಸಿಕೊಂಡ ಇಂಗ್ಲಿಷ್ ಹೆಂಗಸು. ಇವ್ಲಿನ್ ಎಂದು ಸಾಹೇಬರು ಪರಿಚಯ ಮಾಡಿಕೊಟ್ಟರು. ಕ್ಯಾಸ್ಮಿರ್ ತಲೆಬಾಗಿದ, ಆದರೆ ಜಾಗ ಬಿಟ್ಟು ಕದಲಲಿಲ್ಲ. ಬಲಗಾಲಿನಿಂದ 41ನ್ನೂ, ಎಡಗಾಲಿನಿಂದ 16ನ್ನೂ ಮುಚ್ಚಲು ನೋಡುತ್ತಾ, ಗಡ್ಡದ ಮನುಷ್ಯನ ಎದುರು ಗಡ್ಡವಿಲ್ಲದ ಇನ್ನೊಬ್ಬ ಹೊಟ್ಟೆನೋವಿನ ಮನುಷ್ಯನಾಗಿ ನಿಂತ.

“ಸ್ವಲ್ಪ ಈಚೆ ಬರ್ತೀರಾ?” ಎಂದಳು ಇವ್ಲಿನ್ ಬಹಳ ವಿನಯದಿಂದ.

ಅವನು ಒಂದು ಹೆಜ್ಜೆ ಸರಿದ.

ಅವಳು ಮಂಡಿಯೂರಿ ಟಾರ್ಚು ಹಾಕಿದಳು. ಮುಂಭಾಗ ನೋಡಿದಳು, ಮುಚ್ಚಳ ಎತ್ತಿ ಒಳಗೆ ನೋಡಿದಳು, ಕೀಲುಗಳ ಮೇಲೆ ಉಗುರು ಎಳೆದಳು.

“ನಾಲ್ಕು ಸಾವಿರದ ನೂರ ಹದಿನಾರು,” ಎಂದು ಇವ್ಲಿನ್ ಓದಿದಳು. “ಹಮೂದ್, ನಾನು ಈವರೆಗೆ ನೋಡಿದ ಪೆಟ್ಟಿಗೆಗಳಲ್ಲಿ ಇದೇ ಅತ್ಯಂತ ಹೊಸದು.”

ಸಾಹೇಬರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಆಮೇಲೆ ನಿಧಾನವಾಗಿ ತಲೆ ಎತ್ತಿ, “ಕ್ಯಾಸ್ಮಿರ್?” ಎಂದರು.

ಅಷ್ಟೇ ಸಾಕಾಯಿತು. ಕ್ಯಾಸ್ಮಿರ್ ಪಾದ್ರಿಯ ಎದುರು ಪಾಪನಿವೇದನೆಗೆ ಕೂತವನ ಹಾಗೆ ಮೊಣಕಾಲೂರಿದ. ಲಿಫ್ಟಿನ ಎರಡು ಬೆರಳು, ಪೆಟ್ಟಿಗೆಯ ಎಡ, ಹದಿನಾಲ್ಕು ತುಂಡು, ಫೋನಿನಲ್ಲಿ ಹೇಳಿದ ಸುಳ್ಳು, ಇಸುಬು, ಕೊಗ್ಗ, ಬಲದಿಂದ ಎಡಕ್ಕೆ. ಒಂದನ್ನೂ ಬಿಡಲಿಲ್ಲ. ಹಿಂದಿ, ಅರಬ್ಬಿ, ಇಂಗ್ಲಿಷ್ ಮೂರೂ ಬೆರೆಸಿ ಹೇಳಿ, ಕೊನೆಗೆ ಯಾರಿಗೂ ತಿಳಿಯದ ಕೊಂಕಣಿಯಲ್ಲಿ ದೇವರನ್ನು ಕರೆದು, “ತಪ್ಪಾಯ್ತು ಅರ್ಬಾಬ್” ಎಂದು ಮುಗಿಸಿದ.

ಸಾಹೇಬರ ಮುಖದಲ್ಲಿ ಸಿಟ್ಟು ಬರಲಿಲ್ಲ. ಅದರ ಬದಲು ಕ್ಯಾಸ್ಮಿರ್ ಎಂದೂ ಕಾಣದ ಒಂದು ಬೆಳಕು ಬಂತು.

“ಬಿದ್ದಾಗ ತಾನಾಗಿಯೇ ಬಿಟ್ಟುಕೊಂಡಿತಾ?”

“ಹೌದು ಅರ್ಬಾಬ್.”

“ಮೂರು ಹಲಗೆಗಳೂ? ಬೇರೆ ಬೇರೆಯಾಗಿ? ಒಡೆಯದೆ?”

“ಒಂದು ಗೀರೂ ಇಲ್ಲದೆ ಅರ್ಬಾಬ್.”

ಮೂರು ಮೂಲೆಗಳಿಂದ ಮೂವರು ಹೆಣ್ಣುಮಕ್ಕಳೂ ಒಟ್ಟಿಗೆ ಎದ್ದು ನಿಂತರು. ಕಿರಿಯವಳು ಹೋಗಿ ಹಿರಿಯವಳನ್ನು ತಬ್ಬಿಕೊಂಡಳು. ಹಮೂದ್ ಸಾಹೇಬರು ಕ್ಯಾಸ್ಮಿರ್‌ನನ್ನು ತಾವೇ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡರು.

“ನಿನಗೆ ಗೊತ್ತಿಲ್ಲ ಕ್ಯಾಸ್ಮಿರ್. ಈ ಪೆಟ್ಟಿಗೆಗಾಗಿ ನನ್ನ ಮಕ್ಕಳು ಒಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಚಿಕ್ಕವರಿದ್ದಾಗ ಆಫೀಸಿಗೆ ಬಂದು ಮೂವರೂ ಇದರೊಳಗೆ ಅಡಗಿ ಆಡಿದವರು. ನನ್ನ ಆಸ್ತಿಯಲ್ಲಿ ಯಾರಿಗೂ ಬೇರೇನೂ ಬೇಡ, ಎಲ್ಲರಿಗೂ ಇದೇ ಬೇಕು. ಒಂದು ಪೆಟ್ಟಿಗೆಯನ್ನು ಮೂವರಿಗೆ ಹೇಗೆ ಹಂಚಲಿ? ಕೆಲವು ಪೆಟ್ಟಿಗೆಗಳು ಹಳೇ ಹಲಗೆಗಳನ್ನು ಜೋಡಿಸಿ ಮಾಡಿದವು, ಇದೂ ಹಾಗಿದ್ದರೆ ಬಿಚ್ಚಬಹುದು ಎಂದು ಇವ್ಲಿನ್ ಹೇಳಿದಳು. ಆಗ ಒಬ್ಬೊಬ್ಬಳಿಗೂ ಒಂದೊಂದು ಹಲಗೆ. ಅದನ್ನು ನೋಡಲೆಂದೇ ಇವಳು ಬಂದದ್ದು. ಬೆಳಿಗ್ಗೆ ನಾನು ಫೋನು ಮಾಡಿದ್ದೂ ಅದಕ್ಕೇ. ಲಿಫ್ಟಿನಲ್ಲಿ ಹಿಡಿಸದಿದ್ದರೆ ಬಿಚ್ಚಲು ಬರುತ್ತದಾ ನೋಡು, ಬಂದರೆ ತುಂಡು ತುಂಡಾಗಿಯೇ ತಾ, ನನಗೆ ಅದೇ ಬೇಕು ಎನ್ನುವವನಿದ್ದೆ.”

ಕ್ಯಾಸ್ಮಿರ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದೆಯ ಮೇಲಿಂದ ಓಕ್ ಮರದ ಪೆಟ್ಟಿಗೆ ಇಳಿದಂತಾಯಿತು. ಸುಳ್ಳು ಪೆಟ್ಟಿಗೆಯೇ ಇವರಿಗೆ ಬೇಕಾಗಿತ್ತು! ಬಿದ್ದದ್ದು ಒಳ್ಳೆಯದೇ ಆಯಿತು! ಅವನು ಜೇಬಿನಿಂದ ವೀಸಾ ರದ್ದತಿಯ ಕಾಗದ ತೆಗೆದು ಮಡಿಕೆ ಬಿಡಿಸಿದ. ಸಾಹೇಬರು ನಗುತ್ತಾ ಪೆನ್ನಿನ ಮುಚ್ಚಳ ತೆಗೆದರು.

“ಹಮೂದ್,” ಎಂದಳು ಇವ್ಲಿನ್. ಅವಳು ಇನ್ನೂ ಪೆಟ್ಟಿಗೆಯ ಮುಂದೆಯೇ ಮಂಡಿಯೂರಿದ್ದಳು. ಒಂದು ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ಕೀಲಿನೊಳಗೆ ತೂರಿಸಲು ನೋಡುತ್ತಿದ್ದಳು. ಪಟ್ಟಿ ಬಾಗಿತು, ಕೀಲು ಬಾಯಿ ಬಿಡಲಿಲ್ಲ. “ಇದು ಇವತ್ತು ಬೆಳಿಗ್ಗೆಯವರೆಗೆ ಬಿಚ್ಚುವ ಪೆಟ್ಟಿಗೆಯಾಗಿತ್ತು. ಈಗ ಅಲ್ಲ. ಒಳಗೆ ಏನು ಹಾಕಿದ್ದಾರೋ ನನಗೆ ತಿಳಿಯದು. ಸುತ್ತಿಗೆಯಲ್ಲಿ ಹೊಡೆದರೆ ಕೆತ್ತನೆ ಸೀಳುತ್ತದೆ, ಅಂಟು ಸೀಳುವುದಿಲ್ಲ. ನೂಲಿನಷ್ಟು ನೂಲಿನಷ್ಟೇ ಕೆರೆದು ತೆಗೆಯಬೇಕು. ಬಹಳ ತಾಳ್ಮೆ ಇರುವವರು ಬೇಕು.”

ತಬ್ಬಿಕೊಂಡಿದ್ದ ಅಕ್ಕತಂಗಿಯರು ಬಿಟ್ಟುಕೊಂಡರು. ನಡುವಿನವಳು ಮರಳಿ ತನ್ನ ಮೂಲೆಗೆ ಹೋಗಿ ಕೂತಳು.

ಹಮೂದ್ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಒಂದು ಖರ್ಜೂರ ಆರಿಸಿ ಕ್ಯಾಸ್ಮಿರ್‌ನ ಅಂಗೈಯಲ್ಲಿಟ್ಟರು. ಪುಟ್ಟ ಬಟ್ಟಲಿಗೆ ತಮ್ಮ ಕೈಯಾರೆ ಕಾಫಿ ಬಗ್ಗಿಸಿದರು. ಅವನ ಭುಜದ ಮೇಲೆ ಕೈಯಿಟ್ಟರು.

ಹಿಂದಿನ ಐದು ಸಲವೂ ಶುರುವಾದದ್ದು ಹೀಗೆಯೇ.

“ಕ್ಯಾಸ್ಮಿರ್, ಬೇರೆಯವರ ಕೈಗೆ ಇದನ್ನು ಕೊಡಲು ನನಗೆ ಧೈರ್ಯವಿಲ್ಲ,” ಎಂದರು ಸಾಹೇಬರು, ಮೆಲ್ಲಗೆ. “ನೀನು ಕೂಡಿಸಿದವನು. ನೀನೂ ನಿನ್ನ ಬಡಗಿಯೂ ಸೇರಿ ಬಿಚ್ಚಿಕೊಟ್ಟರೆ ನನ್ನ ಮನೆಯಲ್ಲಿ ಮತ್ತೆ ಮಾತು ಕೇಳಿಸುತ್ತದೆ. ಇಲ್ಲೇ ಹೊರಗಿನ ಕೋಣೆಯಲ್ಲಿ ಇರಬಹುದು. ಮೂರು ಹಲಗೆ ಬೇರೆಯಾದ ದಿನ ಸಹಿ ಮಾಡಿ ನಾನೇ ನಿನ್ನನ್ನು ವಿಮಾನ ಹತ್ತಿಸುತ್ತೇನೆ. ಒತ್ತಾಯವಿಲ್ಲ. ಆಗುವುದಿಲ್ಲ ಎಂದರೆ ಈಗಲೇ ಸಹಿ ಹಾಕುತ್ತೇನೆ. ಹೇಳು.”

ಆಗುವುದಿಲ್ಲ ಎಂಬ ಮಾತು ಕ್ಯಾಸ್ಮಿರ್‌ನ ಹೊಟ್ಟೆಯಿಂದ ಹೊರಟು, ಎದೆ ದಾಟಿ, ಗಂಟಲಿನವರೆಗೆ ಬಂತು. ಬಾಯಿ ತೆರೆದ.

“ಆಯ್ತು ಅರ್ಬಾಬ್,” ಎಂದ.

“ಎಷ್ಟು ದಿನ ಹಿಡಿದೀತು? ಬಡಗಿಯನ್ನು ಕೇಳಿ ನೋಡು.”

ಕ್ಯಾಸ್ಮಿರ್ ಇಸುಬುವಿಗೆ ಫೋನು ಹಚ್ಚಿದ. ವಿಷಯ ಕೇಳಿದ ಇಸುಬು ಮೊದಲು ನಂಬಲಿಲ್ಲ, ಆಮೇಲೆ ಹೆಮ್ಮೆಯಿಂದ ಉಬ್ಬಿಹೋದ. “ಬಿಚ್ಚುವುದಾ? ಪೊರ್ಬುಗಳೇ, ಸೂರ್‌ನಲ್ಲಿ ಇದೇ ಅಂಟು ಹಾಕಿ ಕಟ್ಟಿದ ಒಂದು ಹಡಗು ಬಂಡೆಗೆ ಬಡಿದು ಮುಳುಗಿತು. ಹದಿನೆಂಟು ವರ್ಷ ಆಯ್ತು. ಮೊನ್ನೆ ಮುಳುಗುಗಾರರು ಇಳಿದು ನೋಡಿದರಂತೆ. ಮರವನ್ನೆಲ್ಲ ಹುಳ ತಿಂದು ಮುಗಿಸಿದೆ. ಅಂಟು ಮಾತ್ರ ಹಡಗಿನ ಆಕಾರದಲ್ಲೇ ನಿಂತಿದೆಯಂತೆ!”

“ಏನಂತೆ?” ಎಂದು ಕೇಳಿದರು ಹಮೂದ್ ಸಾಹೇಬರು.

“ಸ್ವಲ್ಪ ಸಮಯ ಬೇಕಂತೆ ಅರ್ಬಾಬ್.”

ಸಾಹೇಬರು ಸಮಾಧಾನದಿಂದ ತಲೆಯಾಡಿಸಿ, ಸಹಿಯಿಲ್ಲದ ಕಾಗದವನ್ನು ಅವನ ಜೇಬಿಗೇ ಹಾಕಿ, ಬಟ್ಟಲಿಗೆ ಮತ್ತೆ ಕಾಫಿ ಬಗ್ಗಿಸಿದರು.

ಅವನು ಅಂಗಳಕ್ಕೆ ಬರುವಾಗ ಫೋನು ಹೊಡೆದುಕೊಳ್ಳುತ್ತಿತ್ತು. ಕ್ಲೆಮೆಂಟಿನಾ.

“ಸಹಿ ಆಯ್ತಾ?”

“ಸಾಹೇಬರು ಕಾಫಿ ಬಗ್ಗಿಸಿಕೊಟ್ಟರು,” ಎಂದ ಕ್ಯಾಸ್ಮಿರ್. ಮೂವತ್ತೊಂದು ವರ್ಷ ಒಟ್ಟಿಗೆ ಬಾಳಿದ ಹೆಂಗಸಿಗೆ ಅಷ್ಟು ಸಾಕಾಯಿತು. ಅವಳು ಬಯ್ಯಲಿಲ್ಲ, ಅಳಲಿಲ್ಲ.

“ಎರಡು ಸೂಟ್‌ಕೇಸೂ ಕಟ್ಟಿ, ತೂಕ ಮಾಡಿ, ಹಗ್ಗ ಬಿಗಿದು ಇಟ್ಟಿದ್ದೇನೆ,” ಎಂದಳು. “ನನ್ನದು ಹಾಗೇ ಇರಲಿ. ನಿಮ್ಮದು ಬಿಚ್ಚಲಾ?”

ಕ್ಯಾಸ್ಮಿರ್ ಕಣ್ಣು ಒರೆಸಿಕೊಂಡ.

“ಬಿಚ್ಚು,” ಎಂದ.